ಬೆನ್ನು ಹಾಕಿ ಕೂತ ಮಗಳು

ಮೊನ್ನೆ ಶಾಲೆ ಬಿಟ್ಟ ಮೇಲೆ ಪುಟ್ಟಸ್ವಾಮಿ ಮೇಷ್ಟ್ರು ನನ್ನ ಕಾರು ಹತ್ತಿದರು. ನಮ್ಮ ಶಾಲೆ ಇರುವುದು ಗುಬ್ಬಿಯಲ್ಲಿ, ನಾವಿಬ್ಬರೂ ಇರುವುದು ತುಮಕೂರಿನಲ್ಲಿ. ಅವರಿಗೆ ಬಸ್ಸು ತಪ್ಪಿದ ದಿನ ನನ್ನ ಕಾರು, ನನ್ನ ಕಾರು ಕೈಕೊಟ್ಟ ದಿನ ಇಬ್ಬರಿಗೂ ಬಸ್ಸು, ಹೀಗೆ ಏನೋ ನಡೆದುಕೊಂಡು ಹೋಗುತ್ತಿದೆ. ಮುಂದಿನ ಸೀಟಿನ ತುಂಬ ಮಕ್ಕಳ ಉತ್ತರಪತ್ರಿಕೆಯ ಕಟ್ಟುಗಳಿದ್ದವು. ಹಾಗಾಗಿ ಮೇಷ್ಟ್ರು ಹಿಂದೆ ಕೂತರು. ಕೂತವರು ಸುಮ್ಮನೆ ಕೂರಲಿಲ್ಲ. ಆ ಕಡೆ ಸರಿದರು, ಈ ಕಡೆ ಸರಿದರು, ಕೊನೆಗೆ ಸೀಟನ್ನು ಕೈಯಿಂದ ಸವರಿ ನೋಡಿದರು.

“ಏನ್ ಸಾರ್ ಇದು, ನಿಮ್ ಸೀಟು ಎರಡು ಕಡೆ ಗುಳಿ ಬಿದ್ದೋಗಿದೆ? ತೆಂಗಿನಕಾಯಿ ಮೂಟೆ ಏನಾದ್ರೂ ಹೊಡೀತಿದ್ರಾ?”

“ಇಲ್ಲ ಸಾರ್. ಮಗಳ ಸೀಟು ಕಟ್ಟಿದ್ದೆ ಅಲ್ಲಿ.”

“ಓ” ಎಂದರು. ನನ್ನ ಮನೆಯ ವಿಷಯ ಅವರಿಗೆ ಗೊತ್ತು. ಅಲ್ಲಿಂದ ತುಮಕೂರು ಮುಟ್ಟುವವರೆಗೂ ಬಿಸಿಲಿನ ಬಗ್ಗೆ ಬಹಳ ಆಸಕ್ತಿಯಿಂದ ಮಾತಾಡಿದರು.

ಅವರನ್ನು ಇಳಿಸಿ, ಸದಾಶಿವನಗರದ ನನ್ನ ಬಾಡಿಗೆ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ನಾನೂ ಹಿಂದಿನ ಬಾಗಿಲು ತೆಗೆದು ಕೂತು ನೋಡಿದೆ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಾನು ಯಾವತ್ತೂ ಕೂತವನಲ್ಲ. ಗುಳಿ ನಿಜವಾಗಿಯೂ ಇತ್ತು. ಕೈಯಿಟ್ಟರೆ ಬಿಸ್ಕತ್ತಿನ ಪುಡಿ ಸಿಕ್ಕಿತು, ಮೂಸಿದರೆ ಹುಳಿಯಾದ ಹಾಲಿನ ವಾಸನೆ ಬಂತು, ಅದರ ಹಿಂದೆ ಎಲ್ಲೋ ಬಜೆಯ ಘಾಟು. ಬೀದಿಯಲ್ಲಿ ಹೋಗುವವರು ನೋಡಿದ್ದರೆ, ಡ್ರೈವರ್ ಬರಲೆಂದು ಕಾದು ಕೂತ ದೊಡ್ಡ ಮನುಷ್ಯ ಅಂದುಕೊಳ್ಳುತ್ತಿದ್ದರೋ ಏನೋ.

ನಿಮಗೆ ಆ ಸೀಟಿನ ಪರಿಚಯ ಮಾಡಿಕೊಡದೆ ಮುಂದೆ ಹೋಗುವ ಹಾಗಿಲ್ಲ. ಕಾರಿನ ಹಿಂದಿನ ಸೀಟಿನ ಮೇಲೆ ಇಟ್ಟು, ಕಾರಿನದೇ ಬೆಲ್ಟಿನಿಂದ ಬಿಗಿದು ಕೂರಿಸುವ, ಕೂಸುಗಳಿಗೆಂದೇ ಮಾಡಿದ ಆಸನ ಅದು. ಅದಕ್ಕೆ ಅದರದೇ ಪಟ್ಟಿಗಳು. ಎರಡು ಹೆಗಲ ಮೇಲಿಂದ ಇಳಿಯುತ್ತವೆ, ಎರಡು ಸೊಂಟದ ಪಕ್ಕದಿಂದ ಬರುತ್ತವೆ, ಒಂದು ಕಾಲುಗಳ ನಡುವಿನಿಂದ ಏಳುತ್ತದೆ. ಎಲ್ಲವೂ ಹೊಟ್ಟೆಯ ಹತ್ತಿರ ಒಂದು ಬಕಲಿನಲ್ಲಿ ಸೇರುತ್ತವೆ. ಮಗು ಎಳೆಯದಾಗಿರುವಾಗ ಈ ಆಸನವನ್ನು ಹಿಂದುಮುಂದಾಗಿ ಕಟ್ಟಬೇಕು. ಅಂದರೆ ಕಾರು ಮುಂದೆ ಹೋಗುತ್ತಿದ್ದರೆ ಮಗು ಹಿಂದಿನ ಗಾಜಿನಿಂದ ಬಿಟ್ಟುಬಂದ ರಸ್ತೆಯನ್ನು ನೋಡುತ್ತಿರುತ್ತದೆ. ಓಡಿಸುವವನ ಕಡೆಗೆ ಅದರ ಬೆನ್ನು.

ಇದನ್ನು ನಾನು ತಂದದ್ದು ಶೈಲಜಾ ಬಾಣಂತನಕ್ಕೆಂದು ಕುಣಿಗಲ್ಲಿನ ತವರಿಗೆ ಹೋಗಿದ್ದಾಗ. ನಮ್ಮಲ್ಲಿ ಕೂಸನ್ನು ಗಂಡನ ಮನೆಗೆ ಕರೆತರುವ ದಿನ ಯಾರಾದರೂ ಹಿರಿಯ ಹೆಂಗಸು ಕಾರಿನಲ್ಲಿ ಕೂತು ಮಡಿಲಲ್ಲಿ ಇಟ್ಟುಕೊಂಡು ಬರುತ್ತಾರೆ. ನನ್ನ ಕಡೆಯಿಂದ ಅಂಥ ಮಡಿಲು ಇರಲಿಲ್ಲ; ಅಮ್ಮ ನನ್ನ ಮದುವೆಗೆ ಮೊದಲೇ ಹೋಗಿದ್ದಳು. ಗಣಿತ ಹೇಳಿಕೊಡುವವನಿಗೆ ಇರುವ ಹುಚ್ಚು ಬೇರೆ: ಓಡುವ ವಸ್ತು ತಟ್ಟನೆ ನಿಂತರೆ ಒಳಗಿರುವುದು ಎಷ್ಟು ಜೋರಾಗಿ ಮುಂದಕ್ಕೆ ಹಾರುತ್ತದೆ ಎಂದು ಲೆಕ್ಕ ಹಾಕಿ, ಯಾವ ಮಡಿಲೂ ಅದನ್ನು ಹಿಡಿಯಲಾರದು ಎಂದು ತೀರ್ಮಾನಕ್ಕೆ ಬಂದೆ. ಹೋಗಿ ಸೀಟು ತಂದೆ. ಮಗುವಿಗಿಂತ ಮೊದಲು ಮಗುವಿನ ಸೀಟು ಮನೆಗೆ ಬಂತು.

ಮಗು ಬರಲಿಲ್ಲ. ಕರೆತರಲು ದಿನ ನೋಡಿಸಿದ ಮೇಲೆ ಶೈಲಜಾ ಫೋನ್ ಮಾಡಿ, “ನಾನು ಅಲ್ಲಿಗೆ ಬರಲ್ಲ ರೀ. ನಿಮ್ ಮೇಲೆ ಕೋಪ ಅಂತ ಏನಿಲ್ಲ. ಆ ಮನೇಲಿ ನಂಗೆ ಉಸಿರು ಕಟ್ಟುತ್ತೆ” ಎಂದಳು. ಯಾರ ತಪ್ಪು ಎಂದು ನೀವು ಕೇಳುತ್ತೀರಿ. ಊರೆಲ್ಲ ಕೇಳಿದೆ. ನಾವು ಜಗಳವಾಡಿದವರಲ್ಲ, ಒಬ್ಬರಿಗೊಬ್ಬರು ಊಟ ಬಡಿಸಿದವರು, ಜ್ವರ ಬಂದರೆ ಮಾತ್ರೆ ತಂದುಕೊಟ್ಟವರು. ಆದರೂ ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರಂತೆ ಇದ್ದೆವು. ಅವಳು ಅದನ್ನು ಬಾಯಿಬಿಟ್ಟು ಹೇಳಿದಳು. ನಾನಾಗಿದ್ದರೆ ಹೇಳದೆ ಹಾಗೇ ಮುದುಕನಾಗುತ್ತಿದ್ದೆ.

ಅದಾದ ಮೇಲೆ ಆ ಸೀಟು ನಡುಮನೆಯಲ್ಲಿ ಟಿವಿಯ ಪಕ್ಕ ಕೂತಿತು. ನಾನು ಊಟ ಮಾಡುವುದನ್ನು ನೋಡುತ್ತಿತ್ತು. ಕೊನೆಗೆ ಅದರಲ್ಲಿ ಹಳೆಯ ಪೇಪರು ಒಟ್ಟಲು ಶುರು ಮಾಡಿದೆ. ಹಾಗಾದರೂ ಯಾವುದೋ ಕೆಲಸಕ್ಕೆ ಬಂತು ಎನ್ನುವ ಸಮಾಧಾನ.

ಮಗು ಅನ್ನ ತಿನ್ನುವಂತಾದ ಮೇಲೆ ಗುಬ್ಬಿಯಲ್ಲಿ ನನ್ನ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯವರು ಕೂತೆವು. ಕೋರ್ಟು ಕಚೇರಿ ಬೇಡ, ಮನೆ ಮಟ್ಟದಲ್ಲೇ ಆಗಲಿ ಎಂದು ದೊಡ್ಡಪ್ಪ. ಶೈಲಜಾ ಬಂದಿರಲಿಲ್ಲ, ಅವಳ ತಾಯಿ ಬಂದಿದ್ದರು. ನಮ್ಮತ್ತೆ ಹಣೆತುಂಬ ವಿಭೂತಿ ಧರಿಸಿ, ಸೆರಗು ಹೊದ್ದು ಕೂತರೆ ಎದುರಿಗಿರುವವರಿಗೆ ತಾವಾಗಿಯೇ ತಪ್ಪಿತಸ್ಥರಾದಂತೆ ಅನಿಸುತ್ತದೆ.

“ಏನ್ಲಾ, ನಿಂಗೇನು ಬೇಕು ಹೇಳ್ಲಾ” ಎಂದರು ದೊಡ್ಡಪ್ಪ.

ನಾನು ಹೇಳಿದೆ. ಎರಡು ವಾರಕ್ಕೊಂದು ಭಾನುವಾರ ಮಗಳನ್ನು ತುಮಕೂರಿಗೆ ಕರೆದುಕೊಂಡು ಹೋಗಿ, ದೀಪ ಹಚ್ಚುವ ಹೊತ್ತಿಗೆ ವಾಪಸು ತಂದು ಬಿಡುತ್ತೇನೆ. ಅಷ್ಟೇ ಸಾಕು.

ಅತ್ತೆ, “ಕಳ್ಸಾಕೇನು, ಅವ್ರ ಮಗಳೇ ಅಲ್ವಾ. ಆದ್ರೆ ಕಾರಲ್ಲಿ ಎತ್ಕೊಳ್ಳೋರ್ ಯಾರು? ಹೆಂಗಸಿನ ಕೈ ಇಲ್ದೆ ಕೂಸ್ನ ದಾರಿಗೆ ಬುಡಾಕಿಲ್ಲ. ಶಿವಪೂಜೆ ಮಾಡೋ ಕೈ ಆಣೆ ಮಾಡಿ ಹೇಳ್ತಿದೀನಿ, ಇದೊಂದು ಆಗಾಕಿಲ್ಲ” ಎಂದರು.

“ಸೀಟು ಇದೆ ಅತ್ತೆ” ಎಂದೆ.

ಪಡಸಾಲೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಒಬ್ಬ ಮನುಷ್ಯನಿಗೆ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ನೋಡುವ ಹಾಗೆ. ಕೊನೆಗೆ ದೊಡ್ಡಪ್ಪ ತೀರ್ಮಾನ ಹೇಳಿದರು: ನಾನು ಸೀಟು ತೆಗೆದುಕೊಂಡು ಹೋಗಿ ಅತ್ತೆಗೆ ತೋರಿಸಬೇಕು, ಅವರಿಗೆ ಒಪ್ಪಿಗೆಯಾದರೆ ಮಗು ಬರುತ್ತದೆ, ಇಲ್ಲವಾದರೆ ನಾನೇ ಕುಣಿಗಲ್ಲಿಗೆ ಹೋಗಿ ಅವರ ನಡುಮನೆಯಲ್ಲಿ ಕೂತು ನೋಡಿಕೊಂಡು ಬರಬೇಕು. ಎದುರಿಗೆ ಕಾಫಿ ಲೋಟ ಇಟ್ಟುಕೊಂಡು ಹೆತ್ತ ಮಗಳ ಮುಂದೆ ನೆಂಟನಂತೆ ಕೂರುವುದನ್ನು ನೆನೆಸಿಕೊಂಡೇ ತುಮಕೂರಿಗೆ ಓಡಿಬಂದೆ.

ಹಳೇ ಪೇಪರು ತೆಗೆದುಹಾಕಿ ಸೀಟಿನ ಜೊತೆ ಬಂದಿದ್ದ ಪುಸ್ತಕ ಓದಲು ಕೂತೆ. ಓದಿ ಕಾರಿನಲ್ಲಿ ಕಟ್ಟಿದೆ. ಅಲ್ಲಾಡಿಸಿದರೆ ಹಳೇ ಮೇಜಿನಂತೆ ಅಲ್ಲಾಡಿತು. ಮಕ್ಕಳಿಗೆ ಎಳೆತ, ಸೆಳೆತ ಎಲ್ಲ ಬೋರ್ಡಿನ ಮೇಲೆ ಬರೆದು ತೋರಿಸುವ ನಾನು ಒಂದು ಬೆಲ್ಟಿನ ಮುಂದೆ ಬೆವತುಹೋದೆ. ಆಮೇಲೆ ಗುಟ್ಟು ತಿಳಿಯಿತು. ಆಸನದೊಳಗೆ ಮಂಡಿಯೂರಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಆಗ ಬೆಲ್ಟು ಎಳೆಯಬೇಕು. ಒಬ್ಬರು ಒತ್ತಿ ಇನ್ನೊಬ್ಬರು ಎಳೆದರೆ ಸಲೀಸು. ಒಬ್ಬನೇ ಇದ್ದರೆ ಅದೊಂದು ಯೋಗಾಸನ.

ಅಭ್ಯಾಸಕ್ಕೆ ಮಗು ಬೇಕಲ್ಲ. ರಾಗಿಹಿಟ್ಟಿನ ಚೀಲವೊಂದಕ್ಕೆ, ಮಗಳಿಗೆಂದು ಹಿಂದೆಯೇ ತಂದಿದ್ದ ಅಂಗಿ ತೊಡಿಸಿ ಕೂರಿಸಿದೆ. ಪಟ್ಟಿಗಳು ಹೆಗಲಿನಷ್ಟು ಎತ್ತರದ ತೂತಿನಿಂದ ಬರಬೇಕು, ಸ್ವಲ್ಪ ಕೆಳಗಿದ್ದರೂ ಸರಿ, ಮೇಲಿರಬಾರದು. ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು, ಸಿಕ್ಕರೆ ಸಡಿಲ ಎಂದರ್ಥ. ಚೀಲಕ್ಕೆ ಹೆಗಲೇ ಇಲ್ಲದ್ದರಿಂದ ನನಗೆ ತೋಚಿದಲ್ಲಿ ಹೆಗಲು ಎಂದುಕೊಂಡೆ. ಕೆಳಗಿನ ಮನೆಯ ರಾಜಮ್ಮನವರು ತುಳಸಿಗೆ ನೀರು ಹಾಕುತ್ತಾ ನಿಂತು ನೋಡಿದರು.

“ಏನ್ ಮೇಷ್ಟ್ರೇ, ರಾಗಿಹಿಟ್ಟಿಗೂ ಬೆಲ್ಟು ಹಾಕ್ಬೇಕು ಅಂತ ರೂಲ್ಸ್ ಬಂತಾ?”

“ಹೂಂ ಕಣಮ್ಮ, ಹೊಸದು” ಎಂದೆ. ಬೇರೆ ಏನು ಹೇಳಲಿ?

ಕುಣಿಗಲ್ಲಿನಲ್ಲಿ ಪರೀಕ್ಷೆ ನಡೆಯಿತು. ಅತ್ತೆ ಜಗುಲಿಯಿಂದ ಇಳಿದು ಬಂದು ಕಾರಿನೊಳಗೆ ಬಗ್ಗಿ ನೋಡಿದರು. ನಾನು ಸೀಟನ್ನು ಹಿಡಿದು ಅಲ್ಲಾಡಿಸಿ, ಅದು ಅಲುಗುವುದಿಲ್ಲವೆಂದು ತೋರಿಸಿದೆ. ರಾಗಿಚೀಲವನ್ನೂ ತಂದಿದ್ದೆ. ಅದನ್ನು ಕೂರಿಸಿ, ಪಟ್ಟಿ ಬಿಗಿದು, ಕಾರನ್ನು ಬೀದಿಯ ತುದಿಯವರೆಗೆ ಓಡಿಸಿ ಗಕ್ಕನೆ ಬ್ರೇಕು ಹಾಕಿ, ಹಿಂದೆ ಬಂದು ತೋರಿಸಿದೆ. ಚೀಲ ಕೂತಲ್ಲೇ ಕೂತಿತ್ತು.

“ರಾಗಿಹಿಟ್ಟು ಅಳಾಕಿಲ್ಲ ಅಳಿಯಂದ್ರೇ” ಎಂದರು ಅತ್ತೆ.

ಆಗ ಬಾಗಿಲಲ್ಲಿ ನಿಂತಿದ್ದ ಶೈಲಜಾ, “ಹೋಗ್ಲಿ ಬುಡಮ್ಮ, ಅತ್ರೆ ಅವ್ರೇ ನೋಡ್ಕೋತಾರೆ” ಎಂದಳು. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ಇಂಚರ ಎಂದು ಹೆಸರು. ಕೈಗೆ ಬಜೆಯ ಸರ, ಕೆನ್ನೆಗೆ ದೃಷ್ಟಿಬೊಟ್ಟು, ಮೈಯೆಲ್ಲ ಸಾಂಬ್ರಾಣಿಯ ವಾಸನೆ. ಆ ಮಗು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಕರೆಂಟು ಬಿಲ್ಲು ಕೊಡಲು ಬಂದವನೇ ಸರಿ.

ಇಲ್ಲಿ ಅತ್ತೆ ಒಂದು ಕೆಲಸ ಮಾಡಿದರು. ಶೈಲಜಾಳ ಹಳೇ ಹತ್ತಿ ಸೀರೆಯೊಂದನ್ನು ಮಡಿಕೆ ಮೇಲೆ ಮಡಿಕೆ ಮಾಡಿ ಸೀಟಿಗೆ ಹಾಸಿದರು. ಕೂಸು ಮಲಗುವುದಕ್ಕೆ ತಾಯಿಯ ಹಳೇ ಸೀರೆಯೇ ಆಗಬೇಕು, ಮೆತ್ತಗಿರುತ್ತದೆ, ತಾಯಿಯ ವಾಸನೆ ಇರುತ್ತದೆ, ಅಳುವುದಿಲ್ಲ. ಅದರ ಮೇಲೆ ಸ್ವೆಟರು ಟೋಪಿ ತೊಡಿಸಿದ ಮಗು. ನಾನು ಪಟ್ಟಿ ಬಿಗಿದೆ. ನೋಡಲು ಗಟ್ಟಿಯಾಗಿಯೇ ಇತ್ತು. ಆದರೆ ಪುಸ್ತಕ ಓದಿದ್ದ ನನಗೆ ಗೊತ್ತು, ಅದು ಬಟ್ಟೆಯ ಗಟ್ಟಿ, ಮಗುವಿನದಲ್ಲ. ಗಾಡಿ ಗಕ್ಕನೆ ನಿಂತರೆ ಸೀರೆಯ ಮಡಿಕೆಗಳು ಅಮುಕಿಕೊಂಡು, ಪಟ್ಟಿ ಸಡಿಲವಾಗಿ, ಮಗು ಜಾರಿಬಿಡುತ್ತದೆ. ಇದನ್ನು ಹೇಳೋಣವೆಂದು ಬಾಯಿ ತೆರೆದೆ. ಅತ್ತೆ ಮಗುವಿನ ಹಣೆಗೆ ವಿಭೂತಿ ಇಡುತ್ತಿದ್ದರು, ಇನ್ನೊಂದು ಕೈಯಲ್ಲಿ ಸೀರೆಯ ಅಂಚನ್ನು ಸರಿಮಾಡುತ್ತಿದ್ದರು. ಬಾಯಿ ಮುಚ್ಚಿದೆ.

ಊರು ದಾಟಿ, ಕೆರೆ ಕಣ್ಣಿಗೆ ಬೀಳುವಲ್ಲಿ ಒಂದು ಹೊಂಗೆ ಮರವಿದೆ. ಅಲ್ಲಿ ನಿಲ್ಲಿಸಿದೆ. ಮಗುವನ್ನು ಎತ್ತಿ, ಸೀರೆ ತೆಗೆದು, ಸ್ವೆಟರು ಬಿಚ್ಚಿ, ಬರೀ ಅಂಗಿಯಲ್ಲಿ ಕೂರಿಸಿ ಪಟ್ಟಿ ಬಿಗಿದೆ. ಚಿವುಟಿ ನೋಡಿದೆ. ಆಮೇಲೆ ಆ ಸೀರೆಯನ್ನು ಮೇಲಿನಿಂದ ಹೊದಿಸಿದೆ. ತಾಯಿಯ ವಾಸನೆ ಕೆಳಗಿದ್ದರೇನು, ಮೇಲಿದ್ದರೇನು? ಸಂಜೆ ವಾಪಸು ಬರುವಾಗ ಅದೇ ಮರದ ಕೆಳಗೆ ನಿಲ್ಲಿಸಿ ಎಲ್ಲವನ್ನೂ ಮೊದಲಿನಂತೆ ಹಾಸಿ, ತೊಡಿಸಿ, ಸಭ್ಯ ಅಳಿಯನಂತೆ ಅತ್ತೆಯ ಮನೆ ಮುಂದೆ ಹೋಗಿ ನಿಂತೆ. ಹೀಗೆ ಎಷ್ಟೋ ತಿಂಗಳು ನಡೆಯಿತು. ಹೊಂಗೆ ಮರದ ಪಕ್ಕದ ಹೊಲದವನು ನಮ್ಮನ್ನು ನೋಡಿ ನೋಡಿ, ಇವರದು ಏನೋ ಹರಕೆ ಇರಬೇಕು ಅಂದುಕೊಂಡನಂತೆ.

ಆ ಭಾನುವಾರಗಳ ಬಗ್ಗೆ ಏನು ಹೇಳಲಿ? ಹೆಬ್ಬೂರು, ಗೂಳೂರು ದಾಟಿ ತುಮಕೂರು ಸೇರುವವರೆಗೆ ನಾನು ಮಾತಾಡುತ್ತಲೇ ಇರುತ್ತಿದ್ದೆ. ಜೀವಮಾನದಲ್ಲಿ ಅಷ್ಟು ಮಾತಾಡಿದವನಲ್ಲ. ಹಿಂದಿನಿಂದ ಒಮ್ಮೊಮ್ಮೆ ‘ಆಂ’ ಎಂದು ಬರುತ್ತಿತ್ತು, ಒಮ್ಮೊಮ್ಮೆ ಅಳು, ಹೆಚ್ಚು ಸಲ ಏನೂ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಕಾಣುವುದು ಸೀಟಿನ ಬೂದುಬಣ್ಣದ ಬೆನ್ನು. ನಿದ್ದೆ ಮಾಡಿದ್ದಾಳೋ, ಎದ್ದಿದ್ದಾಳೋ, ನಗುತ್ತಿದ್ದಾಳೋ ತಿಳಿಯುವಂತಿಲ್ಲ. ಹಿಂದಿನ ಸೀಟಿಗೆ ಒಂದು ಪುಟ್ಟ ಕನ್ನಡಿ ಕಟ್ಟಿ ನೋಡಿದೆ. ಗೂಳೂರಿನ ರೋಡ್ ಹಂಪಿನಲ್ಲಿ ಅದು ಕಳಚಿ ಅವಳ ಕಾಲಬಳಿ ಬಿತ್ತು, ಅವತ್ತೇ ತೆಗೆದು ಹಾಕಿದೆ. ನನಗೆ ಮಗಳು ಸಿಗುವುದೇ ಒಂದು ಹಗಲು, ಅದರಲ್ಲಿ ಹೋಗುತ್ತಾ ಬರುತ್ತಾ ಇಷ್ಟು ಹೊತ್ತು ಅವಳು ನನಗೆ ಬೆನ್ನು ಹಾಕಿ ಕೂತಿರುತ್ತಿದ್ದಳು. ಅವಳನ್ನು ಬಿಟ್ಟು ಬರುವಾಗ ಅದೇ ಬೆನ್ನು, ಒಳಗೆ ಯಾರೂ ಇಲ್ಲ. ಖಾಲಿ ಇದ್ದರೂ ತುಂಬಿದ್ದರೂ ಕನ್ನಡಿಯಲ್ಲಿ ಒಂದೇ ಥರ ಕಾಣುತ್ತಿತ್ತು. ಅದಕ್ಕೇ ಬರುವಾಗಲೂ ಮಾತಾಡಿಕೊಂಡೇ ಬರುತ್ತಿದ್ದೆ, ನಗಬೇಡಿ.

ದಿನಾ ನೋಡುವವರಿಗೆ ಮಗು ಬೆಳೆಯುವುದು ಕಾಣುವುದಿಲ್ಲ ಎನ್ನುತ್ತಾರೆ. ನನಗೆ ಬೇಕಾದಷ್ಟು ಕಂಡಿತು. ಎರಡು ವಾರದ ಹಿಂದೆ ಸರಿಯಾಗಿದ್ದ ಪಟ್ಟಿ ಈ ಭಾನುವಾರ ಬಿಗಿಯಾಗಿರುತ್ತಿತ್ತು. ಮೊದಲು, ಎಳೆಗೂಸಿನ ಬೆನ್ನಿಗೆಂದು ಸೀಟಿನ ಜೊತೆಗೇ ಬಂದಿದ್ದ ಪುಟ್ಟ ದಿಂಬು ತೆಗೆದೆ. ಆಮೇಲೆ ಒಂದು ದಿನ ಹೆಗಲು ತೂತಿಗಿಂತ ಮೇಲೆ ಬಂದಿತ್ತು, ಪಟ್ಟಿಗಳನ್ನು ಬಿಚ್ಚಿ ಮೇಲಿನ ತೂತಿಗೆ ಪೋಣಿಸಿದೆ. ಅವಳಿಗೆ ಹಲ್ಲು ಬಂದದ್ದು, ಗೋಡೆ ಹಿಡಿದು ನಿಂತದ್ದು, ‘ಅಜ್ಜಿ’ ಎಂದದ್ದು ಎಲ್ಲವೂ ಕುಣಿಗಲ್ಲಿನಲ್ಲೇ ಆದವು. ಹೆಗಲು ಏರಿದ್ದು ಮಾತ್ರ ನನಗೆ ಮೊದಲು ಗೊತ್ತಾಗುತ್ತಿತ್ತು. ಆ ಒಂದು ಸುದ್ದಿಯನ್ನು ಶೈಲಜಾಗೆ ನಾನೇ ಹೇಳುತ್ತಿದ್ದೆ, ಅದರಲ್ಲಿ ನನಗೆ ಸಣ್ಣ ಹೆಮ್ಮೆ ಇತ್ತು.

ಒಂದು ಸಲ ಮಗುವಿಗೆ ಕೆಮ್ಮು ಜಾಸ್ತಿಯಾಗಿ ತುಮಕೂರಿನ ಡಾಕ್ಟರಿಗೆ ತೋರಿಸಬೇಕಾಯಿತು. ಶೈಲಜಾಳೂ ಬಂದಳು. ಹಿಂದೆ, ಮಗುವಿನ ಪಕ್ಕದಲ್ಲಿ ಕೂತಳು. ನನಗೆ ಹೊಂಗೆ ಮರದ ಚಿಂತೆ. ನಿಲ್ಲಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ, ನಿಲ್ಲಿಸದಿದ್ದರೆ ಮಗು ಸಡಿಲ ಪಟ್ಟಿಯಲ್ಲಿ. ನಿಲ್ಲಿಸಿದೆ. ಏನೂ ಹೇಳದೆ ಇಳಿದು, ಸೀರೆ ತೆಗೆದು, ಸ್ವೆಟರು ಬಿಚ್ಚಿ, ಪಟ್ಟಿ ಬಿಗಿದು, ಸೀರೆಯನ್ನು ಮೇಲೆ ಹೊದಿಸಿದೆ. ಅವಳು ನೋಡುತ್ತಲೇ ಇದ್ದಳು.

“ಪ್ರತಿ ಸಲನೂ ಹಿಂಗೇ ಮಾಡ್ತೀರಾ?”

“ಹೂಂ.”

“ಅಮ್ಮಂಗೆ ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?”

“ಸೀರೆ ನಿಂದು. ಬೇಡ ಅನ್ನೋಕೆ ನಂಗೆ ಆಗ್ಲಿಲ್ಲ.”

ಅವಳು ಮುಖ ತಿರುಗಿಸಿ ಕೆರೆ ನೋಡಿದಳು. ಸೀಟು ಸ್ವಲ್ಪ ಸಡಿಲಾದಂತಿತ್ತು. ಮಗುವನ್ನು ನನ್ನ ಕೈಗೆ ಕೊಟ್ಟು, “ಹೆಂಗೆ, ಹಿಂಗಾ?” ಎಂದು ತಾನೇ ಮಂಡಿಯೂರಿ ಒತ್ತಿದಳು. ನಾನು ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದರಲ್ಲಿ ಬೆಲ್ಟು ಎಳೆದೆ. ಅದು ಒಮ್ಮೆಗೇ ಬಿಗಿದುಕೊಂಡದ್ದಕ್ಕೆ ಅವಳು ಆಯತಪ್ಪಿ ನನ್ನ ತೋಳು ಹಿಡಿದಳು. ಇಬ್ಬರಿಗೂ ನಗು ಬಂತು. ಸಂಸಾರ ಮಾಡಿದಷ್ಟು ದಿನ ನಾವು ಹಾಗೆ ಜೊತೆಗೆ ನಕ್ಕದ್ದು ನನಗೆ ನೆನಪಿಲ್ಲ. ಇಲ್ಲಿಂದ ಏನಾದರೂ ಸರಿಹೋಗಬಹುದು ಎಂದು ನಾನು ಆಸೆಪಟ್ಟೆ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ. ಸರಿಹೋಗಲಿಲ್ಲ. ಮುಂದಿನ ವರ್ಷ ಬೇರೆಯಾಗುವ ಕಾಗದಗಳಿಗೆ ಇಬ್ಬರೂ ಸಹಿ ಹಾಕಿದೆವು. ಆದರೆ ಆ ದಿನದಿಂದ ಸೀರೆ ಕೆಳಗಿಂದ ಮೇಲಕ್ಕೆ ಬಂತು. ಶೈಲಜಾ ತಾಯಿಗೆ ಏನು ಹೇಳಿದಳೋ, ಮುಂದಿನ ಸಲ ಅತ್ತೆ ತಾವೇ ಪಟ್ಟಿಯ ಮೇಲೆ ಸೀರೆ ಹೊದಿಸಿದರು.

ಮಗುವಿಗೆ ವರ್ಷ ತುಂಬಿದ ಮೇಲೆ ಎಲ್ಲರೂ ಒಂದೇ ಮಾತು ಹಿಡಿದರು: ಸೀಟು ತಿರುಗಿಸು. ಕಾಲು ಮಡಚಿಕೊಂಡು ಕೂರುತ್ತಾಳೆ ಎಂದು ರಾಜಮ್ಮನವರು. ಹಿಂದೆ ನೋಡಿಕೊಂಡು ಹೋದರೆ ತಲೆ ತಿರುಗುತ್ತದೆ ಎಂದು ಅಮೃತೂರಿನಿಂದ ಬಂದಿದ್ದ ಅತ್ತೆಯ ತಮ್ಮ. ಅವೆಲ್ಲ ಹೋಗಲಿ, ಅತ್ತೆ ಒಂದು ಸಂಜೆ ಹೇಳಿದ ಮಾತು ಮಾತ್ರ ನೇರವಾಗಿ ಬಂದು ನಾಟಿತು.

“ನೀವು ಕೂಸ್ನ ನೋಡೋದೇ ಹದಿನೈದು ದಿವ್ಸಕ್ ಒಂದ್ ದಪ. ಅದ್ರಾಗೂ ಬೆನ್ ಮಾಡಿ ಕೂರುಸ್ಕೊಂಡ್ ಹೋದ್ರೆ ಅಪ್ಪನ ಮಖ ಪರಿಚಯ ಆಗೋದ್ ಯಾವಾಗ?”

ಅವತ್ತು ಬರುವಾಗ ಗಾಡಿ ನಿಲ್ಲಿಸಿ ಅತ್ತುಬಿಟ್ಟೆ. ಖಾಲಿ ಸೀಟನ್ನು ಬಿಚ್ಚಿ ಮುಂದಕ್ಕೆ ತಿರುಗಿಸಿ ಕಟ್ಟಿದ್ದೂ ಆಯಿತು. ಕನ್ನಡಿಯಲ್ಲಿ ನೋಡಿದರೆ ಆಸನದ ಒಳಗೆಲ್ಲ ಕಾಣುತ್ತಿತ್ತು, ಅವಳ ಮುಖ ಎಲ್ಲಿ ಬರಬಹುದೆಂದು ಅಂದಾಜು ಮಾಡಿದೆ. ಆದರೆ ಎಳೆಯ ಮಗುವಿನ ತಲೆ ಭಾರ, ಕುತ್ತಿಗೆ ನಾಜೂಕು. ಮುಂದೆ ಮುಖ ಮಾಡಿ ಕೂತಿದ್ದಾಗ ಗಾಡಿ ಗುದ್ದಿದರೆ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಹೋಗುತ್ತದೆ. ಬೆನ್ನು ಹಾಕಿ ಕೂತಿದ್ದರೆ ತಲೆ, ಕುತ್ತಿಗೆ, ಬೆನ್ನು ಎಲ್ಲವನ್ನೂ ಆಸನವೇ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಸೀಟು ತಡೆಯುವಷ್ಟು ತೂಕದವರೆಗೆ, ತಲೆ ಅಂಚು ಮುಟ್ಟುವವರೆಗೆ ಹಾಗೇ ಇರಲಿ ಎಂದು ಪುಸ್ತಕ ಹೇಳುತ್ತದೆ. ನನ್ನ ಮಗಳ ಮುಖ ನನಗೆ ಬೇಕು ಎನ್ನುವುದಕ್ಕೆ ಪುಸ್ತಕದಲ್ಲಿ ಜಾಗವಿರಲಿಲ್ಲ. ಮನೆಗೆ ಬಂದು ಮತ್ತೆ ಹಿಂದಕ್ಕೆ ತಿರುಗಿಸಿ ಕಟ್ಟಿದೆ. ಎರಡು ವರ್ಷ ದಾಟಿ ಎಷ್ಟೋ ದಿನ ಆಗುವವರೆಗೆ ಅವಳು ಹಾಗೇ ಕೂತಳು, ಕಾಲು ಮಡಚಿಕೊಂಡು, ಆರಾಮವಾಗಿ.

ತಿರುಗಿಸಿದ ದಿನ ನನಗೆ ಹಬ್ಬ. ಪಟ್ಟಿಗಳನ್ನು ಈಗ ಹೆಗಲಿಗಿಂತ ತುಸು ಮೇಲಿನ ತೂತಿಗೆ ಏರಿಸಬೇಕು, ಏರಿಸಿದೆ. ಬೆಳಿಗ್ಗೆ ಕುಣಿಗಲ್ಲಿನಿಂದ ಹೊರಟಾಗ ಕನ್ನಡಿಯಲ್ಲಿ ಅವಳ ಮುಖ ಬಂತು. ಬೆರಳು ಬಾಯಲ್ಲಿ ಇಟ್ಟುಕೊಂಡು ಗಂಭೀರವಾಗಿ ರಸ್ತೆ ನೋಡುತ್ತಿದ್ದಳು. ಅವತ್ತು ದೇವರಾಯನದುರ್ಗಕ್ಕೆ ಹೋಗಿ ಕೋತಿ ತೋರಿಸಿದೆ, ಕಡಲೆಕಾಯಿ ತಿಂದೆವು, ನನ್ನ ಹೆಗಲ ಮೇಲೆ ಕೂತು ಮೆಟ್ಟಿಲು ಹತ್ತಿದಳು. ಸಂಜೆ ವಾಪಸು ಬರುವಾಗ ಕೆರೆ ಕಾಣಿಸಿತು. ಕನ್ನಡಿ ನೋಡಿದೆ. ಅವಳ ಮುಖ ಅರಳಿಬಿಟ್ಟಿತು. ಎರಡೂ ಕೈ ಮುಂದೆ ಚಾಚಿ, “ಅಮ್ಮ! ಅಜ್ಜಿ! ಬಂತು, ಬಂತು!” ಎಂದು ಪಟ್ಟಿಯೊಳಗೇ ಕುಣಿದಳು. ಎರಡು ವರ್ಷ ನಾನು ಕಾಣದೆ ಕಾದಿದ್ದ ಮುಖ ಅದು. ಅಷ್ಟು ಚಂದದ ಮುಖವನ್ನು ನಾನು ನೋಡಿರಲಿಲ್ಲ. ಅದು ನನ್ನನ್ನು ಬಿಟ್ಟು ಹೋಗುವ ಸಂತೋಷದ್ದು. ಮಗುವಿನ ಮೇಲೆ ಕೋಪ ಬರುವುದಿಲ್ಲ, ಯಾರ ಮೇಲೂ ಬರಲಿಲ್ಲ. ಕಣ್ಣು ಮಂಜಾಗಿ, ಗಾಡಿ ನಿಧಾನ ಮಾಡಿದೆ, ಅಷ್ಟೇ.

ಅಲ್ಲಿಂದ ಮೂರು ವರ್ಷಗಳಾಗಿವೆ. ಪಟ್ಟಿಗಳು ಕೊನೆಯ ತೂತು ಮುಟ್ಟಿದವು, ಹೆಗಲು ಅದನ್ನೂ ದಾಟಿತು. ಈಗ ಬೂಸ್ಟರ್ ತಂದಿದ್ದೇನೆ. ಅವಳನ್ನು ಸ್ವಲ್ಪ ಎತ್ತರಕ್ಕೆ ಕೂರಿಸುವ ಹಗುರ ಆಸನ, ಕಾರಿನ ಬೆಲ್ಟನ್ನೇ ಹಾಕಿಕೊಳ್ಳುವುದು. ಕೆಳಗಿನ ಬೆಲ್ಟು ಹೊಟ್ಟೆಯ ಮೇಲಲ್ಲ, ತೊಡೆಯ ಮೇಲ್ಭಾಗದಲ್ಲಿ ಕೂರಬೇಕು. ಮೇಲಿನದು ಕುತ್ತಿಗೆಗೆ ತಾಗದೆ ಹೆಗಲ ನಡುವೆ ಹಾಯಬೇಕು. ವಾರದ ದಿನ ಅದು ಮನೆಯಲ್ಲಿರುತ್ತದೆ. ಅದಕ್ಕೇ ಪುಟ್ಟಸ್ವಾಮಿ ಮೇಷ್ಟ್ರಿಗೆ ಆ ಗುಳಿ ಸಿಕ್ಕಿದ್ದು.

ಕಳೆದ ಸಲ ಕುಣಿಗಲ್ಲಿಗೆ ಹೋದಾಗ, ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಹೋಗಿ ಒಳಗೆ ಬಗ್ಗಿದೆ. ಅವಳು ಆಗಲೇ ಬೆಲ್ಟು ಎಳೆದುಕೊಂಡು ಚಿಟಕ್ಕನೆ ಸಿಕ್ಕಿಸಿ ಆಗಿತ್ತು.

“ಅಪ್ಪ, ನಂಗೆ ಬರುತ್ತೆ. ನೀನು ಮುಂದೆ ಹೋಗು.”

ಬಗ್ಗಿದವನು ಹಾಗೇ ನಿಂತೆ. ನಿಮಗೆ ಇದು ಸಣ್ಣ ವಿಷಯ ಅನಿಸಬಹುದು. ಐದು ವರ್ಷ ಆ ಮಗುವನ್ನು ನಾನು ಹತ್ತಿರದಿಂದ ಮುಟ್ಟಿದ್ದು, ಅವಳ ಉಸಿರು ನನ್ನ ಕೆನ್ನೆಗೆ ತಾಗಿದ್ದು, ಹೆಚ್ಚಾಗಿ ಆ ಪಟ್ಟಿ ಹಾಕುವಾಗಲೇ. ಅಪ್ಪಿಕೊಳ್ಳಲು ಬಾರದ ನನ್ನಂಥವನಿಗೆ ಅದು ನೆವವಾಗಿತ್ತು. ಜಗುಲಿಯ ಮೇಲೆ ಕೂತಿದ್ದ ಅತ್ತೆ ಇದನ್ನೆಲ್ಲ ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಕೋಲು ಊರಿಕೊಂಡು ಇಳಿದು ಬಂದರು.

“ಅಳಿಯಂದ್ರೇ, ಇಷ್ಟ್ ವರ್ಸ ನೋಡಿದೀನಿ. ಕೂಸ್ನ ಒಂದ್ ದಿವ್ಸ ಹೆಚ್ಚುಕಮ್ಮಿ ಮಾಡ್ನಿಲ್ಲ ನೀವು. ಬರೋ ಸಲ ಶನಿವಾರ್ವೇ ಕರ್ಕೊಂಡ್ ಹೋಗಿ. ಒಂದ್ ರಾತ್ರಿ ಇದ್ದು ಬರ್ಲಿ.”

ಈಗಲೂ ಅಳಿಯಂದಿರೇ ಎಂದೇ ಕರೆಯುತ್ತಾರೆ. ಕಾಗದದ ವಿಷಯ ಅವರಿಗೆ ಯಾರೂ ಬಿಡಿಸಿ ಹೇಳಿಲ್ಲವೋ, ಹೇಳಿದರೂ ಅವರು ಒಪ್ಪಲಿಲ್ಲವೋ.

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಮೊನ್ನೆ ಆ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ಒಂದು ಭಯ ಶುರುವಾಯಿತು. ಅವಳ ತೂಕ ನನಗೆ ಗೊತ್ತು. ಹೆಗಲಿನ ಎತ್ತರ, ಸೊಂಟದ ಅಳತೆ, ಯಾವ ತಿಂಗಳಲ್ಲಿ ಎಷ್ಟು ಬೆಳೆದಳು, ಎಲ್ಲ ಬಾಯಿಪಾಠ. ಆದರೆ ರಾತ್ರಿ ಅವಳು ಹೇಗೆ ಮಲಗುತ್ತಾಳೆ? ದೀಪ ಇರಬೇಕೋ, ಆರಿಸಬೇಕೋ? ನಡುವೆ ಎದ್ದರೆ ಏನು ಕೇಳುತ್ತಾಳೆ? ಕತ್ತಲಾದ ಮೇಲಿನ ನನ್ನ ಮಗಳನ್ನು ನಾನು ಒಂದು ದಿನವೂ ಕಂಡವನಲ್ಲ. ಮನೆಯೊಳಗೆ ಹೋದವನು ಬೂಟು ಬಿಚ್ಚುವುದಕ್ಕೂ ಮೊದಲು ಶೈಲಜಾಗೆ ಫೋನ್ ಮಾಡಿದೆ. ಬೇಕಾದದ್ದು ಬೇಡದ್ದು ಏನೇನೋ ಮಾತಾಡಿ, ಕೊನೆಗೆ ಕೇಳಿದೆ.

“ರಾತ್ರಿ ಅವ್ಳು ಹೆಂಗ್ ಮಲಗ್ತಾಳೆ?”

ಹೆತ್ತ ಅಪ್ಪ ಕೇಳುವ ಪ್ರಶ್ನೆಯೇ ಇದು ಎಂದು ನನಗೇ ನಾಚಿಕೆಯಾಯಿತು. ಶೈಲಜಾ ಹಾಗೇನೂ ಅನ್ನಲಿಲ್ಲ.

“ಒಂದ್ ಕಡೆ ಗೋಡೆ ಇರ್ಬೇಕು ಅವ್ಳಿಗೆ. ಇನ್ನೊಂದ್ ಕಡೆ ಯಾರಾದ್ರೂ ಇರ್ಬೇಕು. ಇಷ್ಟಿದ್ರೆ ಸಾಕು, ಬೆಳಗಿನ್ ತನಕ ಏಳಲ್ಲ.”

“ಯಾರಾದ್ರೂ ಅಂದ್ರೆ?”

“ನೀವೇ ರೀ” ಎಂದಳು ಶೈಲಜಾ. “ಇನ್ಯಾರಿದಾರೆ ಅಲ್ಲಿ?”

ಇಷ್ಟು ವರ್ಷ ನನ್ನ ಮಂಚ ಕೋಣೆಯ ನಡುವೆ ಇತ್ತು, ಒಬ್ಬನಿಗೆ ಎಲ್ಲಿದ್ದರೇನು ಎಂದು. ಫೋನ್ ಇಟ್ಟವನೇ ಅದನ್ನು ತಳ್ಳಿಕೊಂಡು ಹೋಗಿ ಗೋಡೆಗೆ ತಾಗಿಸಿದೆ. ಶನಿವಾರ ಇನ್ನೂ ದೂರವಿದೆ. ಮೊನ್ನೆಯಿಂದಲೇ ನಾನು ಈಚೆಯ ಅಂಚಿನಲ್ಲಿ ಮಲಗುತ್ತಿದ್ದೇನೆ.